ದಂಡೆ ಹತ್ತಿದ ಕಂಬ

ಸತ್ತ ಕೋಳಿಗಳನ್ನು ಬೀಫಾತಿಮ್ಮ ಅಂಗಳದ ತುದಿಯಲ್ಲಿ ಗೋಣಿಯ ಮೇಲೆ ಮಲಗಿಸಿದ್ದಳು. ಬೇಲಿಯಾಚೆಯ ಎತ್ತರದ ಮನೆಯ ದೇವದಾಸ ಅತ್ತ ನೋಡದ ಹಾಗೆ ತಲೆ ತಗ್ಗಿಸಿ ಅವಳ ಅಡುಗೆಮನೆಯ ಕೆಸರು ಎತ್ತುತ್ತಿದ್ದ. ನೆರೆ ಇಳಿದ ಮನೆಯ ಕೆಲಸಕ್ಕೆ ಕೈ ಜೋಡಿಸಲು ಯಾರನ್ನೂ ಕರೆಯಬೇಕಾಗಿಲ್ಲ, ಕೂಳೂರಿನ ಹೊಳೆಬದಿಯಲ್ಲಿ ಅದು ಹಿಂದಿನಿಂದ ಬಂದ ಮರ್ಯಾದೆ. ಈ ಸಲ ಮಾತ್ರ ಅವನು ಬಂದದ್ದು ಮರ್ಯಾದೆಗಲ್ಲ. ಮನೆಯಲ್ಲಿ ಕೂರಲು ಆಗದೆ ಬಂದಿದ್ದ.

“ಸಾಕು ದೇವದಾಸಣ್ಣ. ನಿಮ್ಮ ಸೊಂಟ ಹಿಡಿದ್ರೆ ಲಕ್ಷ್ಮಿಯಕ್ಕ ನನ್ನನ್ನು ಬಿಡ್ಲಿಕ್ಕಿಲ್ಲ,” ಎಂದಳು ಬೀಫಾತಿಮ್ಮ. “ಚಾ ಕುಡೀರಿ. ಹಾಲಿಲ್ಲ, ಬೆಲ್ಲ ಉಂಟು.”

ಲೋಟ ಕೈಗೆ ಬಂತು. ಅವನು ಕುಡಿಯದೆ ಹಿಡಿದುಕೊಂಡೇ ಕೂತ.

ಒಳಗೆ ಬಟ್ಟೆಯ ಜೋಲಿಯಲ್ಲಿ ಅವಳ ಮಗಳು ನಾಝಿಮಾಳ ಹಸುಗೂಸು ನಿದ್ದೆ ಮಾಡುತ್ತಿತ್ತು. ಹೆರಿಗೆಗೆ ತಾಯಿಮನೆಗೆ ಬಂದ ಹುಡುಗಿ. ಬೆಳಗಿನ ಜಾವ ಹೊಳೆ ಒಳಗೆ ನುಗ್ಗಿದಾಗ ಬಾಣಂತಿ ಮಲಗಿದ್ದ ಚಾಪೆಯೇ ತೇಲಿತ್ತಂತೆ. ಕೂಸು ಜೋಲಿಯಲ್ಲಿದ್ದದ್ದಕ್ಕೆ ಬಚಾವ್. ಪಕ್ಕದಲ್ಲೇ ಮಲಗಿಸಿಕೊಂಡಿದ್ದರೆ ಎಂಬಲ್ಲಿಗೆ ಬಂದು ದೇವದಾಸನ ಯೋಚನೆ ನಿಂತುಬಿಡುತ್ತಿತ್ತು.

ಹೋದ ವರ್ಷ ತೃಷಾ ಎಂಬ ಹುಡುಗಿ ಇಲ್ಲಿಗೆ ಬಂದಿದ್ದಳು. ಮಳೆಗಾಲದಲ್ಲಿ ಹೊಳೆ ಯಾವ ಮನೆಯವರೆಗೆ ಏರುತ್ತದೆ ಎಂದು ನಕ್ಷೆ ಬರೆಯುವ ತಂಡದವಳು. ದಡದ ತಗ್ಗಿನಲ್ಲಿ ಕೆಳಗಿನಿಂದ ಮೇಲಕ್ಕೆ ಹಸಿರು, ಹಳದಿ, ಕೆಂಪು ಬಳಿದ ಕಂಬವೊಂದನ್ನು ನೆಟ್ಟು, ನೋಡಿಕೊಳ್ಳುವ ಕೆಲಸವನ್ನು ದೇವದಾಸನಿಗೆ ಒಪ್ಪಿಸಿದಳು. “ಅಜ್ಜ, ನೀರು ಕೆಂಪಿಗೆ ತಾಗಿದ್ರೆ ಈ ತಗ್ಗಿನ ಮನೆಯವರನ್ನೆಲ್ಲ ಎಬ್ಬಿಸ್ಬೇಕು. ಹಳದಿವರೆಗೆ ಹೆದರ್ಲಿಕ್ಕೆ ಇಲ್ಲ.”

ಕಂಬ ನಿಂತದ್ದು ಮಾತ್ರ ಅವನು ಹೊಳೆಯ ಮರುವಾಯಿ ಚಿಪ್ಪು ಹೆಕ್ಕಿ ಬಂದು ದೋಣಿ ಎಳೆಯುವ ಜಾಗದಲ್ಲಿ. ದೋಣಿಯ ಮೂತಿ ಪ್ರತಿದಿನ ಅದಕ್ಕೆ ಬಡಿಯುತ್ತಿತ್ತು. ಬೇಸಿಗೆಯಲ್ಲಿ ಒಂದು ದಿನ ಬೇಸತ್ತು ಕಿತ್ತ, ದಂಡೆಯ ಮೇಲಕ್ಕೆ ತಂದು ನೆಟ್ಟ. ಉಡಾಫೆಯಿಂದಲ್ಲ, ತೂಕದ ದಾರ ಇಳಿಬಿಟ್ಟು ನೆಟ್ಟಗೆ ನಿಲ್ಲಿಸಿದ್ದ. ಮೊದಲು ಎಷ್ಟು ಮಣ್ಣೊಳಗಿತ್ತೋ ಅಷ್ಟೇ ಹೂತಿದ್ದ. ಬದುಕಿಡೀ ದೋಣಿ ತಳ್ಳುವ ಗಳು ಹಿಡಿದವನು. ಗಳು ಎಲ್ಲಿ ಊರಿದರೂ ಅಲ್ಲಿಯ ನೀರು ಹೇಳುತ್ತದೆ. ಕಂಬವೂ ಹಾಗೇ ಎಂದುಕೊಂಡ. ಕಂಬ ದಂಡೆ ಹತ್ತಿದರೆ ಅದರ ಹಳದಿಯೂ ಎತ್ತರಕ್ಕೆ ಹೋಗುತ್ತದೆ, ತಗ್ಗಿನಲ್ಲಿ ಕೆಂಪು ಮುಟ್ಟುವ ನೀರು ಇಲ್ಲಿ ಹಳದಿಯಲ್ಲೇ ಇರುತ್ತದೆ ಎಂಬುದು ಹೊಳೆದದ್ದು ಇವತ್ತು ಬೆಳಿಗ್ಗೆ. ಬೀಫಾತಿಮ್ಮನ ಕೂಗು ಕೇಳಿ ಓಡಿ ಬಂದಾಗ ನೀರು ಅವಳ ಒಲೆಯ ಮೇಲಿತ್ತು, ಕಂಬದಲ್ಲಿ ಇನ್ನೂ ಹಳದಿ.

“ಕಂಬದ ವಿಷಯ ಕೇಳಿದ್ರೆ ಹೇಳಿ. ಕೇಳದಿದ್ರೆ ಎಂತಕ್ಕೆ?” ಎಂದಿದ್ದಳು ಲಕ್ಷ್ಮಿ. “ನೆರೆ ನೀವು ತಂದದ್ದಾ?” ಗಂಡನ ಮೇಲಿನ ಕನಿಕರಕ್ಕೆ ಆಡಿದ ಮಾತು. ಅದು ಅವನಿಗೆ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಮಧ್ಯಾಹ್ನ ತೃಷಾ ಬಂದಳು. ಮೊಣಕಾಲವರೆಗೆ ಕೆಸರು. ಗೋಡೆಯಲ್ಲಿ ನೀರು ಬಿಟ್ಟ ಗೆರೆಯನ್ನು ಅಳೆದು, ಕಂಬದಲ್ಲಿ ಹಳದಿಯೇ ಇತ್ತೆಂದು ಬೀಫಾತಿಮ್ಮನಿಂದ ಕೇಳಿ, ಮಣೆಯ ಮೇಲೆ ಕುಕ್ಕರಿಸಿದಳು. ಮುಖ ಬಾಡಿತ್ತು.

“ನನ್ನದೇ ತಪ್ಪು ಬೀಫಾತಿಮ್ಮ. ಹಳದಿಗೇ ನೀರು ಒಳಗೆ ಬಂತು ಅಂದ್ರೆ ನನ್ನ ನಕ್ಷೆಯ ಲೆಕ್ಕವೇ ಸರಿ ಇಲ್ಲ. ಈ ಮನೆಗಳ ಸಾಲಿಡೀ ಬದಲಿಸ್ತೇನೆ. ಹೊಳೆಬದಿಗೆ ಹೋಗ್ಲಿಕ್ಕೆ ಇವತ್ತು ಆಗುದಿಲ್ಲ, ಕಾಲು ಹೂತು ಹೋಗ್ತದೆ. ಆದ್ರೆ ಕಂಬ ಅಜ್ಜನೇ ನೋಡಿದ್ದಲ್ವಾ, ಅದರಲ್ಲಿ ಮೋಸ ಇಲ್ಲ.”

“ಬಿಡು ಮಾರಾಯ್ತಿ,” ಎಂದಳು ಬೀಫಾತಿಮ್ಮ. “ಹೊಳೆ ನಿನ್ನ ಹತ್ರ ಕೇಳಿ ಬರ್ತದಾ?”

ದೇವದಾಸ ಲೋಟ ಕೆಳಗಿಟ್ಟ.

“ಎಂತ ಕೂಡ ಬದಲಿಸ್ಬೇಡ ಮಗಾ. ಕಂಬ ನೀನು ನೆಟ್ಟಲ್ಲಿ ಇಲ್ಲ.”

“ನೆರೆಗೆ ಹೋಯ್ತಾ?”

“ನಾನು ಕಿತ್ತೆ. ದಂಡೆ ಮೇಲೆ ನೆಟ್ಟೆ. ದೋಣಿಗೆ ಅಡ್ಡ ಆಗ್ತಿತ್ತು.”

ತೃಷಾ ಹೊಳೆಯ ಕಡೆ ತಿರುಗಿ ನೋಡಿದಳು. ಮಾತಾಡಿದವಳು ಬೀಫಾತಿಮ್ಮ.

“ದೋಣಿಗೆ?”

ಅವನು ತಲೆಯಾಡಿಸಿದ.

“ನಿನ್ನೆ ಸಂಜೆ ನಾನು ಬೇಲಿ ಹತ್ರ ಬಂದು ಕೇಳಿದೆ. ಹಳದಿ, ನೀನು ಮಲಗು ಅಂದ್ರಿ. ಕೋಳಿಗಳನ್ನು ಒಳಗೆ ತರುವಾ ಅಂತ ಇದ್ದವಳು ಬಿಟ್ಟೆ.”

“ನನಗೆ ಗೊತ್ತಿರ್ಲಿಲ್ಲ ಬೀಫಾತಿಮ್ಮ. ನೀರು ಒಳಗೆ ಬಂದ ಮೇಲೆಯೇ—”

“ಅದು ಆಯ್ತು. ಬೆಳಿಗ್ಗೆಯಿಂದ ಕೆಸರು ಎತ್ತಿದ್ರಲ್ಲ? ಆಗ ಗೊತ್ತಿತ್ತಲ್ಲ?”

ಬೀಫಾತಿಮ್ಮ ಅವನ ಕಾಲ ಬುಡದಿಂದ ಲೋಟ ತೆಗೆದುಕೊಂಡು ಚಾವನ್ನು ಅಂಗಳಕ್ಕೆ ಚೆಲ್ಲಿದಳು. “ತಣ್ಣಗಾಗಿದೆ,” ಎಂದಳು. ಇನ್ನೊಂದು ಲೋಟ ತರಲಿಲ್ಲ.

ನೆಲ ಗಟ್ಟಿಯಾದ ಮೇಲೆ ತೃಷಾ ಕಂಬದ ಹಳೆಯ ಜಾಗ ತೋರಿಸಿದಳು, ಗುಂಡಿ ತೋಡಿದವನು ದೇವದಾಸ. ದೋಣಿಯನ್ನು ದೂರದ ಸೇತುವೆಯ ಬುಡಕ್ಕೆ ಒಯ್ದು ಕಟ್ಟಿದ. ಅವನು ತಂದುಕೊಟ್ಟ ಕೋಳಿಮರಿಗಳನ್ನು ಬೀಫಾತಿಮ್ಮ ಬೇಡ ಎನ್ನಲಿಲ್ಲ. ಲಕ್ಷ್ಮಿಯೊಂದಿಗೆ ಮೊದಲಿನ ಹಾಗೆಯೇ ನಗುತ್ತಿದ್ದಳು.

ಮತ್ತೆ ಮಳೆ ಜೋರಾದ ಒಂದು ಸಂಜೆ ದೇವದಾಸ ಕೊಡೆ ಹಿಡಿದು ಕಂಬದ ಎದುರು ನಿಂತ. ಬೇಲಿಯತ್ತ ತಿರುಗಿ ಕೂಗಿದ.

“ಬೀಫಾತಿಮ್ಮಾ, ಹಸಿರು ದಾಟಿತು! ಹಳದಿಗೆ ಬಂತು!”

ಕಿಟಕಿಯಲ್ಲಿ ಅವಳ ತಲೆವಸ್ತ್ರ ಕಂಡಿತು. ಅವಳು ಅಲ್ಲಿ ನಿಂತು ತುಂಬ ಹೊತ್ತಾಗಿತ್ತು ಎಂದು ಕಾಣುತ್ತದೆ.

“ನಾನು ನೋಡಿದೆ,” ಎಂದಳು.

ಆದರೂ ದೇವದಾಸ ಮನೆಗೆ ಹೋಗಲಿಲ್ಲ, ಕಂಬ ನೋಡುತ್ತ ಅಲ್ಲೇ ನಿಂತ.