ಏಳನೆಯ ಪುಟದ ಹುಡುಗಿ

ನಾನು ಒಂದು ಚಿತ್ರಪುಸ್ತಕ. ಒಟ್ಟು ಹದಿನಾರು ಪುಟ. ಮುದ್ರಣಾಲಯದಲ್ಲಿ ನಾಲ್ಕು ಬಣ್ಣಗಳು ಒಂದರ ಮೇಲೊಂದು ಬಿದ್ದಾಗ ನನ್ನ ಏಳನೆಯ ಪುಟದಲ್ಲಿ ಇಬ್ಬರು ಹುಡುಗಿಯರು ಮೂಡಿದರು. ಒಬ್ಬಳು ಬಿಳುಪು. ಇನ್ನೊಬ್ಬಳು ಕಪ್ಪು, ಗುಂಗುರು ಕೂದಲು. ಇಬ್ಬರೂ ಒಂದೇ ಜೋಕಾಲಿಯಲ್ಲಿ. ಕೆಳಗೆ ದಪ್ಪಕ್ಷರದಲ್ಲಿ, ‘ನಾವೆಲ್ಲ ಒಂದೇ.’

ಹಳಿಯಾಳದ ಕಡೆಯ ಒಂದು ಸರಕಾರಿ ಶಾಲೆಗೆ ಬಂದೆ. ಅಲ್ಲಿ ನನ್ನನ್ನು ಹೆಚ್ಚು ಓದಿದವಳು ಮೂರನೆಯ ತರಗತಿಯ ರೊಜಿನಾ, ಸಿದ್ದಿಯರ ಹುಡುಗಿ. ಅವಳ ಹಿರಿಯರನ್ನು ಎಂದೋ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರಂತೆ. ಮನೆಯಲ್ಲಿ ಓದಲು ಕಲಿತವಳು ಅವಳೊಬ್ಬಳೇ.

ಒಂದು ದಿನ ವನಮಾಲಾ ಅಕ್ಕೋರು ನನ್ನನ್ನು ತೆರೆದು ಸಮಾನತೆಯ ಪಾಠ ಮಾಡಿದರು. ಒಳ್ಳೆಯ ಹೆಂಗಸು. ಮಕ್ಕಳಿಗೆ ಎಂದೂ ಹೊಡೆದವರಲ್ಲ.

“ಅಕ್ಕೋರ, ಈ ಹುಡಿಗಿ ನಮ್ಮ ರೊಜಿನಾ ಇದ್ದಂಗ ಅದಾಳ್ರಿ,” ಎಂದ ಒಬ್ಬ.

ಅಕ್ಕೋರಿಗೆ ಖುಷಿಯಾಯಿತು. “ಬಾರವಾ ರೊಜಿನಾ, ಮುಂದ ಬಾ.” ಎರಡೂ ಕೈಯಿಂದ ನನ್ನನ್ನು ಅವಳ ಕೆನ್ನೆಯ ಪಕ್ಕ ಹಿಡಿದರು. “ಎಲ್ಲಾರೂ ಸಾಲಾಗಿ ಬಂದು ಈಕಿ ಕೈ ಮುಟ್ಟಿ ನೋಡ್ರಿ. ಬಣ್ಣ ಏನ್ ಹತ್ತೂದಿಲ್ಲ.”

ಮೂವತ್ತೊಂದು ಮಕ್ಕಳು ಮುಟ್ಟಿದರು. ಮುಟ್ಟಿ, ತಮ್ಮ ತಮ್ಮ ಬೆರಳು ನೋಡಿಕೊಂಡರು. ರೊಜಿನಾ ಕೈ ಚಾಚಿಕೊಂಡೇ ನಿಂತಿದ್ದಳು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ದಿನವೂ ಹೇಳುವ ಮಾತನ್ನೇ ಅಕ್ಕೋರು ಹೇಳಿದರು. “ಹೋಗ್ರಿ, ಎಲ್ಲಾರೂ ಸಾಬೂನು ಹಚ್ಚಿ ಕೈ ತೊಳಕೋರಿ.”

ಮಕ್ಕಳು ಕೈ ತೊಳೆದುಕೊಳ್ಳುವುದನ್ನು ರೊಜಿನಾ ಕಿಟಕಿಯಿಂದ ನೋಡಿದಳು. ಊಟ ಮಾಡಲಿಲ್ಲ. ಮರುದಿನ ಬರಲಿಲ್ಲ. ಅದರ ಮರುದಿನವೂ.

ಐದನೆಯ ದಿನ ಅಕ್ಕೋರು ನನ್ನನ್ನು ಉಡುಗೊರೆಯಾಗಿ ಹಿಡಿದು ಅವಳ ಮನೆಗೆ ಹೋದರು. ತಾಯಿ ಇನಾಸಿಯಾ ತಲೆಯ ಮೇಲಿನ ಸೌದೆ ಹೊರೆ ಇಳಿಸುತ್ತಿದ್ದಳು.

“ತಪ್ಪು ತಿಳೀಬ್ಯಾಡವಾ. ಎಲ್ಲಾರೂ ಒಂದ ಅಂತ ತೋರ್ಸಾಕ ಮಾಡಿದ್ದು.”

“ಹೌದ್ರಿ. ಹುಡುಗ್ರು ಮುಟ್ಟಿದ್ರು. ನೀವು ಮುಟ್ಟಿದ್ರೇನ್ರಿ, ಅಕ್ಕೋರ?”

ಅಕ್ಕೋರು ನನ್ನನ್ನು ನೋಡಿದರು. ಅಂದು ಅವರ ಎರಡೂ ಕೈಗಳು ನನ್ನ ಮೇಲಿದ್ದವು. ಈಗಲೂ ನನ್ನ ಮೇಲೇ ಇದ್ದವು.

“ಸಾಲಿಗೆ ಕಳಸ್ತೀನ್ರಿ,” ಎಂದಳು ತಾಯಿ ಕೊನೆಗೆ. “ಆ ಪುಸ್ತಕ ಮಾತ್ರ ಮತ್ತ ತೆಗೀಬ್ಯಾಡ್ರಿ.”

ಅಂದೇ ಅಕ್ಕೋರು ನನ್ನನ್ನು ತರಗತಿಯ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಸೋಮವಾರ ಹಾಜರಿ ಕರೆದಾಗ ಕಪಾಟಿನೊಳಗಿಂದಲೇ ನಾನು ರೊಜಿನಾಳ ದನಿ ಕೇಳಿದೆ. ಈಗ ಅವಳು ಈ ಶಾಲೆ ಮುಗಿಸಿ ಹೋಗಿ ವರ್ಷಗಳಾಗಿವೆ. ನನ್ನ ಪುಟಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿವೆ.

ನನ್ನಲ್ಲಿ ಬರೆದದ್ದು ಸುಳ್ಳಲ್ಲ. ಆದರೂ ನನ್ನನ್ನು ತೆರೆದಾಗ ಒಂದು ಮಗು ಶಾಲೆ ಬಿಟ್ಟಿತು; ಮುಚ್ಚಿದ ಮೇಲೆ ಮರಳಿ ಬಂತು. ಇದನ್ನು ಹೇಗೆ ತಿಳಿದುಕೊಳ್ಳಬೇಕೋ, ನನಗೆ ಇನ್ನೂ ಗೊತ್ತಾಗಿಲ್ಲ.