ಮಂಗಳಾಳ ಎಡಗೈ

ಗೋಡೆಯ ಮೊಳೆಯಲ್ಲಿದ್ದ ಗಿಟಾರನ್ನು ಇಳಿಸಿ ತಂದು ಕೆಂಪಕ್ಕ ತಮ್ಮನ ಹೆಣದ ಮಗ್ಗುಲಿಗೆ ಮಲಗಿಸಿದಳು. ಭೀಮರಾಜು ಕಿಬ್ಬನಹಳ್ಳಿಯ ಕೊಬ್ಬರಿ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದವನು; ಮದುವೆ ಕಾಲ ಬಂತೆಂದರೆ ತಿಪಟೂರಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ಹಿಡಿಯುತ್ತಿದ್ದ. ಹಿಂದಿನ ಸಂಜೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

“ಅವನ ಜೊತೇಲೇ ಮಣ್ಣಿಗೆ ಹೋಗ್ಲಿ ಬುಡು,” ಎಂದಳು ಕೆಂಪಕ್ಕ. “ಇನ್ನು ಇದನ್ನ ನುಡ್ಸೋರು ಯಾರವ್ರೆ?”

ಹೆಣದ ಕಾಲ ಬಳಿ ಕೂತಿದ್ದ ಹೆಂಡತಿ ಮಂಗಳಾ ತಲೆಯೆತ್ತಿದಳು.

“ನಾನಿದೀನಲ್ಲ, ಅಕ್ಕ.”

ದುಃಖಕ್ಕೆ ಬುದ್ಧಿಭ್ರಮೆಯಾಗಿದೆ ಎಂದುಕೊಂಡ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಲೋಟದಲ್ಲಿ ನೀರು ತಂದರು.

*

ಕೆಲವು ವರ್ಷಗಳ ಹಿಂದೆ ಲಕ್ವ ಹೊಡೆದು ಭೀಮರಾಜುವಿನ ಎಡಗೈ ಬಿದ್ದುಹೋಗಿತ್ತು. ಗಿಟಾರಿನಲ್ಲಿ ಮೀಟುವುದು ಬಲಗೈಯಾದರೂ ತಂತಿ ಒತ್ತಿ ಸ್ವರ ಹಿಡಿಯುವುದು ಎಡಗೈ. ಮಂಗಳಾ ಅವನ ಬೆರಳುಗಳನ್ನು ಒಂದೊಂದಾಗಿ ಎತ್ತಿ ತಂತಿಯ ಮೇಲಿಡುತ್ತಿದ್ದಳು. ಅವು ಜಾರಿ ಬೀಳುತ್ತಿದ್ದವು. ಸರಿಯಾದ ಜಾಗ ಯಾವುದೆಂದು ಅವಳಿಗೂ ತಿಳಿಯದು.

“ಮೊದ್ಲು ನೀನು ಕಲಿ,” ಎಂದ ಭೀಮರಾಜು. “ನಿನ್ ಕೈ ನೋಡಿ ನನ್ ಕೈ ಗ್ಯಾಪಕ ಮಾಡ್ಕತ್ತದೆ.”

ದಿನಾ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಒಳಗೆ ಕಿಟಕಿಯ ಬಳಿ ಕೂರುತ್ತಿದ್ದರು; ದನಿ ಕೇಳಿದವರು ಭೀಮರಾಜುವೇ ನುಡಿಸುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ಇದ್ದದ್ದು ಒಂದೇ ಗಿಟಾರು. ಒಂದು ಸಲ ಅವಳು, ಒಂದು ಸಲ ಅವನು. ಬೆರಳ ತುದಿ ನೆಟ್ಟಗಿರಬೇಕು, ಹೆಬ್ಬೆರಳು ಹಿಂದಿರಬೇಕು, ಕೊರಳು ಹಿಸುಕುವ ಹಾಗೆ ಒತ್ತಬಾರದು ಎಂದು ಅವನು ಹೇಳಿಕೊಡುತ್ತಿದ್ದ. ಅವಳ ಬೆರಳುಗಳು ಬೊಬ್ಬೆಯೆದ್ದವು. ಖಾರ ಅರೆಯಲು ಕೂತರೆ ಉರಿದು ಕಣ್ಣಲ್ಲಿ ನೀರು ಬರುತ್ತಿತ್ತು. ಬೇಗ ಕಲಿತುಬಿಡಬೇಕೆಂದು ಅವಳು ಅವಸರ ಮಾಡಿದಾಗಲೆಲ್ಲ ಅವನು ತಂತಿಗಳ ಮೇಲೆ ಅಂಗೈ ಇಟ್ಟು ನಿಲ್ಲಿಸುತ್ತಿದ್ದ.

“ಅವಸರಕ್ಕೆ ತಪ್ಪು ನುಡಿಸಿದ್ರೆ ಕೈ ಆ ತಪ್ಪನ್ನೇ ಕಲೀತದೆ ಕಣೇ. ನಿದಾನಕ್ಕೆ ಸರಿಯಾಗಿ ಇಡು. ಜೋರು ತಾನಾಗೇ ಬತ್ತದೆ.”

ಒಂದು ಮಧ್ಯಾಹ್ನ ಅವಳು ಗಿಟಾರ್ ನುಡಿಸುತ್ತಲೇ ಕಿಟಕಿಯಿಂದ, ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳ ಜೊತೆ ಚೌಕಾಸಿ ಮಾಡುತ್ತಿದ್ದಳು. ಮಾತು ಮುಗಿಸಿ ತಿರುಗಿದರೆ ಗಂಡ ನಗುತ್ತಿದ್ದ. ಅವಳ ಬೆರಳುಗಳು ಅವಳನ್ನು ಕೇಳದೆಯೇ ಹಾಡನ್ನು ಮುಗಿಸಿದ್ದವು.

ಅವಳ ಕೈ ಹಿಂದೆಯೇ ಅವನ ಕೈಯೂ ಬಂತು. ತುರುವೇಕೆರೆಯ ಒಂದು ಆರತಕ್ಷತೆಯಲ್ಲಿ ಅವನು ಮತ್ತೆ ವೇದಿಕೆ ಹತ್ತಿದಾಗ ಜನ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿ ಕೂತ ಮಂಗಳಾಳ ಎಡಗೈ ಸೆರಗಿನ ಮರೆಯಲ್ಲಿ ಅವನ ಜೊತೆಜೊತೆಗೇ ಆಡುತ್ತಿತ್ತು. ಆಮೇಲೆ ಅವನು ಎಷ್ಟು ಕರೆದರೂ ಅವಳು ವೇದಿಕೆಗೆ ಹೋಗಲಿಲ್ಲ; ಮನೆಯೊಳಗೆ ಮಾತ್ರ ದಿನಾ ನುಡಿಸುತ್ತಿದ್ದಳು.

*

ಮಣ್ಣಿಗೆ ಹೊರಡುವ ಹೊತ್ತಾಯಿತು. ಆರ್ಕೆಸ್ಟ್ರಾದ ದಯಾನಂದ್ ಚಪ್ಪರದಡಿ ಕೀಬೋರ್ಡ್ ಇಟ್ಟುಕೊಂಡು, ಭೀಮರಾಜು ತಾನೇ ರಾಗ ಕಟ್ಟಿದ್ದ ದೇವರ ಪದವೊಂದನ್ನು ಶುರು ಮಾಡಿದ. ಆದರೆ ಅದು ಗಿಟಾರಿಗೆಂದು ಕಟ್ಟಿದ ಪದ. ಸಾಲು ಸಾಲಿನ ನಡುವೆ ಗಿಟಾರಿನ ಜಾಗ ಬರಿದಾಗಿ ನಿಲ್ಲುತ್ತಿತ್ತು.

ಮಂಗಳಾ ಎದ್ದು ಬಂದು ಗಿಟಾರಿಗೆ ಎಡಗೈ ಹಾಕಿದಳು. ಕೆಂಪಕ್ಕ ತಟ್ಟನೆ ಆ ಕೈ ಹಿಡಿದುಕೊಂಡು, ಗಂಡನ ಹೆಣದ ಮುಂದೆ ಇದೇನು, ನೋಡಿದವರು ಏನಂದಾರು ಎಂದು ಮೆಲ್ಲಗೆ ಗದರಿದಳು. ಹಾಗೆ ಹಿಡಿದವಳಿಗೆ ತಮ್ಮನ ಹೆಂಡತಿಯ ಬೆರಳ ತುದಿಗಳು ಸಿಕ್ಕವು. ಕರಟದಷ್ಟು ಗಟ್ಟಿ. ತಮ್ಮನ ಬೆರಳುಗಳೂ ಹೀಗೇ ಇದ್ದವು. ಕೆಂಪಕ್ಕ ಒಂದೊಂದೇ ಬೆರಳನ್ನು ಸವರಿ ನೋಡಿ, ಕೈಬಿಟ್ಟಳು.

ಮಂಗಳಾ ಕೂತಳು. ಎದುರಿಗೆ ಇಡೀ ಊರು. ತಲೆಯೊಳಗೆ ಪದದ ಮೊದಲೂ ಇಲ್ಲ, ಕೊನೆಯೂ ಇಲ್ಲ. ಕಣ್ಣೀರಿಗೆ ತಂತಿಗಳೇ ಕಾಣಲಿಲ್ಲ. ಆದರೆ ಎಡಗೈ ತನ್ನ ಜಾಗಕ್ಕೆ ಹೋಗಿ ಕೂತಿತು, ಬಲಗೈ ಮೀಟಿತು. ಬೆರಳುಗಳು ಒಟ್ಟಿಗೇ ಎದ್ದು ಒಟ್ಟಿಗೇ ಇಳಿದವು; ಒಂದು ತಂತಿಯೂ ಕರಕರ ಎನ್ನಲಿಲ್ಲ. ದಯಾನಂದ್ ಬೆರಗಾಗಿ ಒಂದು ಕ್ಷಣ ತಾಳ ತಪ್ಪಿದ, ಆಮೇಲೆ ಅವಳ ಲಯ ಹಿಡಿದುಕೊಂಡ. ಚಟ್ಟಕ್ಕೆ ಕೈಹಾಕಲು ಬಂದವರು ಹಿಂದೆ ಸರಿದು ನಿಂತರು.

“ಎಲ್ಲಾರ್ಗೂ ಕೇಳಂಗೆ ನುಡ್ಸವ್ವ,” ಎಂದಳು ಕೆಂಪಕ್ಕ.

ಪದ ಮುಗಿಯಿತು. ದಯಾನಂದ್ ವೇದಿಕೆಯ ಮೇಲೆ ಕೇಳುವಂತೆಯೇ ಕೇಳಿದ: “ಮುಂದಿಂದು ಯಾವ್ದು, ಅತ್ತಿಗೆ?”

ಮಂಗಳಾ ಬಲಗೈಯ ಹಿಂಬದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಎಡಗೈ ಆಗಲೇ ಮುಂದಿನ ಹಾಡಿನ ಮೊದಲ ಸ್ವರಗಳ ಮೇಲೆ ಇಳಿದಿತ್ತು. ದಯಾನಂದ್ ಅದನ್ನು ನೋಡಿ ಕೀಬೋರ್ಡಿನ ಮೇಲೆ ಬೆರಳಿಟ್ಟ.