ಮೂರಡಿಯ ಗಂಟು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಶಿವಗಂಗವ್ವ ಕಂಡಕಂಡವರಿಗೆಲ್ಲ ಹೇಳುತ್ತಾಳೆ. ಸುಳ್ಳೇನಲ್ಲ. ಆದರೆ ಅದೇ ನಾನು ಎಂಟು ತಿಂಗಳು, ಭಾನುವಾರ ತಪ್ಪದೆ, ಪುಣೆಯ ಹೊರಗಿನ ಕಾತ್ರಜದ ಕೆರೆಯ ದಂಡೆಯಲ್ಲಿ ತುಟಿ ಎರಡು ಮಾಡದೆ ಕುಳಿತಿದ್ದೆ. ಗದಗಿನ ಲಿಂಗಾಯತರ ಮನೆಯವನು, ಮೊಟ್ಟೆಯನ್ನೂ ಕೈಯಿಂದ ಮುಟ್ಟದವನು, ಗಾಳ ಹಿಡಿದುಕೊಂಡು!

ಇದಕ್ಕೆಲ್ಲ ಕಾರಣ ನಾನೇ. ೧೯೩೬ರಲ್ಲಿ ಪುಣೆಯ ಕ್ಯಾಂಪಿನ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನರ ಜಾಗಕ್ಕೆ ಕರೆದಿದ್ದರು. ನನ್ನನ್ನು ಮಾತಾಡಿಸಿದವರು ಹೆಡ್‌ಕ್ಲಾರ್ಕ್ ಭುಜಂಗರಾಯರು. ಕುಮಟೆಯ ಕಡೆಯ ಸಾರಸ್ವತರು, ಐವತ್ತು ದಾಟಿದವರು, ಹೆಂಡತಿ ತೀರಿಕೊಂಡು ಒಬ್ಬರೇ ಇದ್ದರು. ಮೀನಿಲ್ಲದ ಊಟವನ್ನು ಅವರು ಊಟವೆಂದು ಎಣಿಸುತ್ತಿರಲಿಲ್ಲ. ಮರಾಠಿ ಬರುತ್ತದೋ ಎಂದರು, ಹೌದು ಎಂದೆ. ಟೈಪು ಬರುತ್ತದೋ ಎಂದರು, ಹೌದು ಎಂದೆ. ಭಾನುವಾರ ಗಾಳ ಹಾಕುವ ಅಭ್ಯಾಸ ಉಂಟೋ ಎಂದರು. ಹೌದು ಎನ್ನುವುದು ಅಷ್ಟು ಹೊತ್ತಿಗೆ ಬಾಯಿಗೆ ರೂಢಿಯಾಗಿಬಿಟ್ಟಿತ್ತು.

"ಸಣ್ಣಂದಿನಿಂದ ಹಾಕ್ತೀನ್ರಿ," ಎಂದೆ.

ಕೆಲಸ ಸಿಕ್ಕಿತು, ಆದರೆ ಹಂಗಾಮಿ. ಕಾಯಂ ಮಾಡುವುದು ಬಿಡುವುದು ರಾಯರು ಬರೆಯುವ ವರದಿಯ ಮೇಲಿತ್ತು. ಹಂಗಾಮಿ ನೌಕರಿಯವನ ಜೊತೆ ಮಗಳನ್ನೂ ಮೊಮ್ಮಗಳನ್ನೂ ಪರವೂರಿಗೆ ಕಳಿಸುವುದಿಲ್ಲ ಎಂದು ನನ್ನ ಮಾವ ಖಡಾಖಂಡಿತವಾಗಿ ಹೇಳಿದ್ದರು. ನಾನು ಸೋಮವಾರ ಪೇಟೆಯ ಒಂದು ಕೋಣೆಯಲ್ಲಿ ಖಾನಾವಳಿಯ ಊಟ ಮಾಡಿಕೊಂಡು ಇದ್ದೆ. ಹೆಂಡತಿ ಗದಗಿನಿಂದ ಕಾಗದ ಬರೆಯುತ್ತಿದ್ದಳು. ಒಂದು ಸಲ ಬರೆದಳು: "ಕೂಸು ಮಾತು ಕಲ್ತದ. ಹಾಲು ಹಾಕಾಂವಗ ಅಪ್ಪಾ ಅಂತ ಕರಿತದ." ಆ ಕಾಗದ ಓದಿದ ದಿನ ನನಗೆ ಊಟ ಸೇರಲಿಲ್ಲ.

ಹೀಗಾಗಿ ರಾಯರ ಜೊತೆ ಗಾಳಕ್ಕೆ ಹೋಗದೆ ಗತಿಯಿರಲಿಲ್ಲ. ಭಾನುವಾರ ಬೆಳಿಗ್ಗೆ ಕೋಲುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಸಾತಾರ ರಸ್ತೆ ಹಿಡಿಯುತ್ತಿದ್ದೆವು. ಗಾಳಕ್ಕೆ ಸಿಕ್ಕಿಸಲು ಎರೆಹುಳು ಅಲ್ಲ, ಇಂಗು ಬೆರೆಸಿದ ಗೋದಿ ಹಿಟ್ಟಿನ ಉಂಡೆ. ಸದ್ಯ, ಅಷ್ಟಾದರೂ ನನ್ನ ಪುಣ್ಯ.

ಮೊದಲ ದಿನವೇ ರಾಯರು ತಮ್ಮ ತಗಡಿನ ಡಬ್ಬಿ ಬಿಚ್ಚಿ ಗಂಟಿನ ಪುರಾಣ ಶುರುಮಾಡಿದರು. ವಿಷಯ ಸುಲಭ. ನೀರು ಹನ್ನೊಂದಡಿ, ಕೋಲು ಹತ್ತಡಿ. ನೀರ ಮೇಲೆ ತೇಲುವ ಬೆಂಡನ್ನು ಕೊಕ್ಕೆಯಿಂದ ಅಷ್ಟು ಮೇಲೆ ದಾರಕ್ಕೆ ಬಿಗಿದು ಕಟ್ಟಿದರೆ ಅದು ಕೋಲಿನ ತುದಿಯಲ್ಲಿ ದಾರ ಹಾಯುವ ಬಳೆಗೆ ಸಿಕ್ಕಿಕೊಂಡು ಗಾಳ ಎಸೆಯುವುದಕ್ಕೇ ಬರುವುದಿಲ್ಲ. ಆದ್ದರಿಂದ ಬೆಂಡು ದಾರದ ಮೇಲೆ ಸಡಿಲವಾಗಿ ಓಡಾಡುತ್ತಿರಬೇಕು. ಕೊಕ್ಕೆ ಎಷ್ಟು ಆಳಕ್ಕೆ ಇಳಿಯಬೇಕೋ ಅಷ್ಟು ದೂರದಲ್ಲಿ ದಾರದ ಮೇಲೆ ಬೇರೆ ನೂಲಿನಿಂದ ಒಂದು ಪುಟ್ಟ ಗಂಟು ಹಾಕಬೇಕು. ಕೊಕ್ಕೆ ಮುಳುಗುತ್ತ ಹೋದಂತೆ ದಾರ ಬೆಂಡಿನೊಳಗೆ ಸರಿಯುತ್ತದೆ, ಗಂಟು ಬಂದು ತಗಲಿದ ಕೂಡಲೇ ನಿಲ್ಲುತ್ತದೆ. ರಾಯರು ಅದನ್ನು ತಡೆಗಂಟು ಎನ್ನುತ್ತಿದ್ದರು.

"ಕಡ್ಡಿಪೆಟ್ಟಿಗೆಯ ಕಡ್ಡಿ ಸಿಕ್ಕಿಸುವವರುಂಟು, ಮಾರಾಯ. ಅದು ಬಳೆಯಲ್ಲಿ ಸಿಕ್ಕಿ ಮುರಿಯುತ್ತದೆ. ಸೈಕಲ್ಲಿನ ವಾಲ್‌ಟ್ಯೂಬ್ ಕತ್ತರಿಸಿ ಹಾಕಿ ನೋಡಿದೆ. ಬಿಸಿಲಿಗೆ ಅಂಟು ಅಂಟಾಯಿತು. ಹತ್ತಿಯ ನೂಲಂತೂ ಬೇಡವೇ ಬೇಡ, ನೆನೆದು ನೆನೆದು ಸಡಿಲಾಗುತ್ತದೆ. ರೇಷ್ಮೆ ಎಳೆಯೇ ಆಗಬೇಕು. ಕೆಂಪು ರೇಷ್ಮೆ, ದೂರದಿಂದ ಕಾಣಬೇಕಲ್ಲ! ಕಟ್ಟುವ ಮೊದಲು ಎಂಜಲಿನಿಂದ ಒದ್ದೆಮಾಡು. ಬೆರಳಿನಿಂದ ದೂಡಿದರೆ ಸರಿಯಬೇಕು, ಬೆಂಡು ದೂಡಿದರೆ ಸರಿಯಬಾರದು. ತುದಿ ಪೂರ್ತಿ ಕತ್ತರಿಸಬೇಡ, ಅರ್ಧ ಬೆರಳು ಬಿಡು. ಬಳೆಯೊಳಗೆ ಬಾಗಿಕೊಂಡು ಹೋಗುತ್ತದೆ. ಗಂಟಿಗೂ ಬೆಂಡಿಗೂ ನಡುವೆ ಒಂದು ಕರಿಮಣಿ."

"ಗೊತ್ತದ ರೀ," ಎಂದೆ. ಸಣ್ಣಂದಿನಿಂದ ಹಾಕುವವನಲ್ಲವೇ!

"ಗಂಟು ಹತ್ತೂವರೆ ಅಡಿಗೆ. ಇಲ್ಲಿಯ ಗೆಂಡೆ ಮೀನು ತಳದಲ್ಲೇ ಮೇಯುವುದು. ಮೇಲೆ ಮೂರು ನಾಲ್ಕು ಅಡಿಯಲ್ಲಿ ತೂಗಿಬಿಟ್ಟರೆ ಸಾಯಂಕಾಲದವರೆಗೆ ಕೂತರೂ ಒಂದೂ ಮೂಸಿ ನೋಡುವುದಿಲ್ಲ."

ಈ ಕೊನೆಯ ಮಾತು ಕೇಳಿ ನನಗೆ ಹೋದ ಜೀವ ಬಂದಹಾಗಾಯಿತು. ನನಗೆ ಬೇಕಾದದ್ದೂ ಅದೇ ಅಲ್ಲವೇ? ಮೀನು ಮೂಸಬಾರದು, ನನ್ನ ಕೈಯಿಂದ ಒಂದು ಜೀವ ಹೋಗಬಾರದು, ರಾಯರಿಗೆ ಗೊತ್ತಾಗಲೂಬಾರದು. ಹತ್ತಡಿಗೆ ಗಂಟು ಹಾಕಿದರೂ ಮೂರಡಿಗೆ ಹಾಕಿದರೂ ಬೆಂಡು ಮೇಲೆ ಒಂದೇ ರೀತಿ ನಿಂತಿರುತ್ತದೆ. ಕೆಳಗೆ ಕೊಕ್ಕೆ ಎಲ್ಲಿದೆ ಎಂದು ಯಾರು ಮುಳುಗಿ ನೋಡುತ್ತಾರೆ?

ಆ ರಾತ್ರಿಯಿಂದ ಮಂಚದ ಕಾಲಿಗೆ ದಾರ ಕಟ್ಟಿ ಗಂಟು ಹಾಕುವುದನ್ನು ಕಲಿತೆ. ರಾಯರು ಕೊಟ್ಟ ಕೆಂಪು ರೇಷ್ಮೆಯನ್ನು ಮಾತ್ರ ಬಳಸಲಿಲ್ಲ. ಮೂರಡಿಯಲ್ಲಿ ಕೆಂಪು ಗಂಟು ಕಂಡರೆ ನನ್ನ ಬಣ್ಣ ಬಯಲಾಗುತ್ತಿತ್ತು. ಗುಂಡಿ ಹೊಲಿಯಲು ಇಟ್ಟುಕೊಂಡಿದ್ದ ಬಿಳಿ ನೂಲನ್ನೇ ಕಟ್ಟಿದೆ. ಮಾಸಲು ದಾರದ ಮೇಲೆ ಅದು ಹತ್ತಿರ ಹೋದರೂ ಕಾಣುತ್ತಿರಲಿಲ್ಲ. ನೂಲು ಸಡಿಲಾಗುತ್ತದೆ ಎಂದು ರಾಯರು ಹೇಳಿದ್ದು ನೆನಪಿತ್ತು. ಅದಕ್ಕೆಂದೇ ವಾರವಾರವೂ ಹೊಸ ಗಂಟು ಹಾಕುತ್ತಿದ್ದೆ.

ಎಂಟು ತಿಂಗಳು ನನ್ನ ಉಪಾಯ ಸಾಂಗವಾಗಿ ನಡೆಯಿತು. ರಾಯರಿಗೆ ಒಂದೋ ಎರಡೋ ಸಿಗುತ್ತಿದ್ದವು, ನನಗೆ ಸೊನ್ನೆ. "ನಿನ್ನ ಕೈಗುಣ ಸರಿಯಿಲ್ಲ ಮಾರಾಯ," ಎಂದು ಅವರು ಮರುಗುವರು. ನಾನು ಮುಖ ಸಣ್ಣದು ಮಾಡುವೆ, ಒಳಗೆ ಹಾಯಾಗಿರುವೆ. ಅವರು ಕುಮಟೆಯ ಸಮುದ್ರದ ಕತೆ, ಹೆಂಡತಿ ಮಾಡುತ್ತಿದ್ದ ಸಾರಿನ ಕತೆ ಹೇಳುವರು. ಮಧ್ಯಾಹ್ನ ನಾನು ಖಾನಾವಳಿಯಿಂದ ಕಟ್ಟಿಸಿಕೊಂಡು ಬಂದ ರೊಟ್ಟಿಯಲ್ಲಿ ಅವರಿಗೂ ಕೊಡುವೆ. ವರದಿಯ ಸುದ್ದಿಯನ್ನು ಮಾತ್ರ ಅವರು ಎತ್ತುತ್ತಿರಲಿಲ್ಲ. ಕೇಳಿದರೆ ಬೆಂಡಿನ ಕಡೆ ನೋಡುತ್ತ, "ಆಗುತ್ತದೆ, ಆಗುತ್ತದೆ," ಎನ್ನುವರು.

ಶ್ರಾವಣ ಬಂತು. ಒಂದು ವಾರ ಕಚೇರಿಯಲ್ಲಿ ತಪಾಸಣೆ ಎಂದು ಉಸಿರಾಡಲೂ ಬಿಡುವಿರಲಿಲ್ಲ. ಶನಿವಾರ ಬಂದು ಮಲಗಿದವನಿಗೆ ಬೆಳಗಾದದ್ದೇ ಗೊತ್ತು. ಹೊಸ ಗಂಟು ಹಾಕಲಿಲ್ಲ. ಒಂದು ವಾರ ನಡೆಯುತ್ತದೆ ಬಿಡು ಎಂದುಕೊಂಡು ಹೊರಟೆ.

ನಡೆಯಲಿಲ್ಲ. ನಾಲ್ಕೈದು ಸಲ ಎಸೆದು ಕುಳಿತಿದ್ದೆ. ಹತ್ತು ಗಂಟೆಯ ಸುಮಾರಿಗೆ ನನ್ನ ಬೆಂಡು ಒಮ್ಮೆ ಕುಣಿಯಿತು, ಓರೆಯಾಯಿತು, ಗುಳುಂ ಎಂದು ಮುಳುಗಿಯೇಬಿಟ್ಟಿತು.

"ಎಳಿ! ಎಳಿ ಮಾರಾಯ!" ರಾಯರು ತಮ್ಮ ಕೋಲು ಬಿಸಾಕಿ ಎದ್ದು ನಿಂತರು.

ಕೈಬಿಟ್ಟರೆ ಕೋಲೇ ನೀರಿಗೆ ಹೋಗುತ್ತಿತ್ತು, ಅದು ರಾಯರ ಕೋಲು. ಎಳೆದೆ. ಮೊಳದುದ್ದದ ಗೆಂಡೆ, ಬಂಗಾರದ ಬಣ್ಣದ್ದು, ದಂಡೆಯ ಹುಲ್ಲಿನ ಮೇಲೆ ಬಂದು ಬಿದ್ದು ಪಟಪಟ ಹೊಡೆದುಕೊಳ್ಳತೊಡಗಿತು. ಬಾಯಿ ತೆರೆಯುವುದು, ಮುಚ್ಚುವುದು. ರಾಯರು ಕೂಸಿನ ಹಾಗೆ ಕುಣಿಯುತ್ತಿದ್ದರು. "ಎರಡು ಸೇರಿಗೆ ಕಡಿಮೆ ಇಲ್ಲ! ಇವತ್ತು ನಮ್ಮ ಮನೆಯಲ್ಲಿ..." ಎಂದವರು, ನಾನು ಮೀನು ತಿನ್ನದವನೆಂಬುದು ನೆನಪಾಗಿ ಅಲ್ಲಿಗೇ ನಿಲ್ಲಿಸಿದರು.

ನನ್ನ ಒಂದು ಕೈ ಅಂಗಿಯೊಳಗಿನ ಲಿಂಗದ ಮೇಲೆ ಹೋಗಿತ್ತು. ಕಾಯಂ ನೌಕರಿ, ಹೆಂಡತಿ, ಮಗಳು ಎಲ್ಲ ಕಣ್ಣ ಮುಂದೆ ಬಂದರು. ಸುಮ್ಮನಿರು, ಒಂದು ಮೀನು ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಆ ಮೀನು ಇನ್ನೊಂದು ಸಲ ಬಾಯಿ ತೆರೆಯಿತು, ಈ ಸಲ ನಿಧಾನವಾಗಿ. ಇನ್ನು ನನ್ನಿಂದ ಆಗಲಿಲ್ಲ. ಮಂಡಿಯೂರಿ ಅದರ ತುಟಿಯಿಂದ ಕೊಕ್ಕೆ ಬಿಡಿಸಿದೆ. ಬೆರಳಿಗೆ ರಕ್ತ ಹತ್ತಿತು, ನನ್ನದೋ ಅದರದೋ ತಿಳಿಯಲಿಲ್ಲ. ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ನೀರಿನಲ್ಲಿ ಬಿಟ್ಟೆ.

ಅದು ಒಂದು ಕ್ಷಣ ಮಗ್ಗುಲಾಗಿ ತೇಲಿತು. ಆಮೇಲೆ ಬಾಲ ಒದರಿ ಸರ್ರನೆ ಕೆಳಗಿಳಿದು ಹೋಯಿತು. ಎಂಟು ತಿಂಗಳಲ್ಲಿ ಮೊದಲ ಸಲ ನಾನು ಪೂರ್ತಿ ಉಸಿರು ಬಿಟ್ಟೆ. ನೌಕರಿ ಹೋದರೆ ಹೋಗಲಿ ಎನಿಸಿತು, ನಿಜವಾಗಿಯೂ.

"ಇದೇನು ಮಾಡಿದೆ?" ಎಂದರು ರಾಯರು.

ಇನ್ನು ಮುಚ್ಚಿಡುವುದು ಏನಿತ್ತು? ನೀರಲ್ಲಿ ನಿಂತುಕೊಂಡೇ ಹೇಳಿದೆ. "ತಪ್ಪಾತ್ರಿ ರಾವಸಾಹೇಬ್ರ. ನನಗ ಗಾಳ ಹಾಕಾಕ ಬರಂಗಿಲ್ಲ. ಆವತ್ತು ಸುಳ್ಳು ಹೇಳಿದ್ದೆ. ಜೀವಾ ತಗಿಯೂದು ನನ್ನ ಕಡೆಯಿಂದ ಆಗಂಗಿಲ್ಲ. ಇಷ್ಟು ದಿನಾ ಮೂರಽ ಅಡಿಗೆ ಗಂಟು ಹಾಕ್ಕೋತ ಬಂದೀನಿ."

ರಾಯರು ನನ್ನ ದಾರವನ್ನು ಎತ್ತಿಕೊಂಡು ಬೆರಳಾಡಿಸುತ್ತ ಹೋದರು. ಮೂರಡಿಯಲ್ಲಿ ಏನೂ ಇರಲಿಲ್ಲ. ಒಂಬತ್ತಡಿ ದಾಟಿದ ಮೇಲೆ ಗಂಟು ಸಿಕ್ಕಿತು, ಬೆಂಡು ದೂಡಿಕೊಂಡು ದೂಡಿಕೊಂಡು ಅಷ್ಟು ಮೇಲೆ ಒಯ್ದಿತ್ತು. ಕನ್ನಡಕ ಏರಿಸಿ ನೋಡಿದರು.

"ಹತ್ತಿಯ ನೂಲು!" ಎಂದು ಕೂಗಿದರು. "ಅಷ್ಟು ಹೇಳಿಯೂ ಹತ್ತಿಯ ನೂಲು ಕಟ್ಟಿದ್ದೀಯಲ್ಲ!"

ನನ್ನ ಸುಳ್ಳಿಗಿಂತ ಅವರಿಗೆ ನೂಲಿನದೇ ಹೆಚ್ಚು ಸಂಕಟವಾದಂತಿತ್ತು. ಆಮೇಲೆ ದಂಡೆಯ ಕಲ್ಲಿನ ಮೇಲೆ ಕುಸಿದು ಕುಳಿತರು. ಕೋಟಿನ ಒಳಜೇಬಿನಿಂದ ಮಡಿಸಿದ ಒಂದು ಕಾಗದ ತೆಗೆದು ನನ್ನ ಕಡೆ ಚಾಚಿದರು.

ನನ್ನನ್ನು ಕಾಯಂ ಮಾಡಿದ ಹುಕುಂ. ಕೆಳಗೆ ದೊಡ್ಡ ಸಾಹೇಬರ ಸಹಿ. ತಾರೀಖು ನೋಡಿದೆ. ಸರಿಯಾಗಿ ಒಂದು ತಿಂಗಳ ಹಿಂದಿನದು.

ನೀರಿನಿಂದ ಮೇಲೆ ಬಂದು ನಾನೂ ದಂಡೆಯ ಮೇಲೆ ಕುಳಿತೆ. ಮೊದಲು ಅಳು ಬಂತು, ಸಂತೋಷದ್ದು. ಮಡಿಲಲ್ಲಿ ಆ ಕಾಗದವಿಟ್ಟುಕೊಂಡು ಹೆಂಗಸರ ಹಾಗೆ ಅತ್ತೆ. ಅದು ಮುಗಿದ ಮೇಲೆ, ಎಂಟು ತಿಂಗಳಿನಿಂದ ದಾರಿ ಕಾಯುತ್ತಿದ್ದ ಸಿಟ್ಟು ಬಂತು.

"ಒಂದು ತಿಂಗಳಾ ಕಿಸೇದಾಗ ಇಟ್ಟಗೊಂಡು ತಿರಗೀರೇನ್ರಿ? ನನ್ನ ಹೇಣ್ತಿ, ಮಗಳು ಅಲ್ಲಿ ದಾರಿ ನೋಡ್ಕೋತ ಕುಂತಾರ. ನೀವು ಮನಷ್ಯಾರೇನ್ರಿ?" ಬೈಯುವಾಗಲೂ ನನ್ನ ನಾಲಿಗೆ ಮರ್ಯಾದೆ ಬಿಡಲಿಲ್ಲ, ಅದಕ್ಕೂ ನನಗೆ ಸಿಟ್ಟೇ.

ರಾಯರು ತಲೆ ಎತ್ತಲಿಲ್ಲ. "ದಫ್ತರದಲ್ಲಿ ನೀನು ಆ ದಿನದಿಂದಲೇ ಕಾಯಂ. ನಿನಗೆ ಹೇಳಿರಲಿಲ್ಲ, ಅಷ್ಟೇ. ಅಷ್ಟೇ ಅಂದರೆ ಆಗುವುದಿಲ್ಲ, ಗೊತ್ತು. ನಿನಗಿಂತ ಮುಂಚೆ ಇಬ್ಬರು ಹುಡುಗರು ಬರುತ್ತಿದ್ದರು ನನ್ನ ಜೊತೆ. ಕಾಯಂ ಆದರು. ಮರುವಾರದಿಂದ ಒಬ್ಬನಿಗೆ ತಲೆನೋವು, ಇನ್ನೊಬ್ಬನಿಗೆ ಮನೆಯಲ್ಲಿ ಪೂಜೆ. ನಿನ್ನ ಹುಕುಂ ಬಂದಾಗ, ಇನ್ನೊಂದು ಭಾನುವಾರ ಆಗಲಿ, ಆಮೇಲೆ ಕೊಡುತ್ತೇನೆ ಎಂದುಕೊಂಡೆ. ಆಮೇಲೆ ಇನ್ನೊಂದು. ದೊಡ್ಡ ತಪ್ಪು ಮಾಡಿದೆ, ಈರಬಸಪ್ಪಾ," ಎಂದರು.

ಹೆಡ್‌ಕ್ಲಾರ್ಕ್ ನನ್ನೆದುರು ತಪ್ಪು ಒಪ್ಪಿಕೊಳ್ಳುವುದನ್ನು ಕೇಳಿ ನನ್ನ ಸಿಟ್ಟು ಅರ್ಧಕ್ಕೇ ಇಳಿಯಿತು. ಉಳಿದ ಅರ್ಧ, ಅವರು ಪಂಚೆಯ ಚುಂಗಿನಿಂದ ಕನ್ನಡಕ ಒರೆಸತೊಡಗಿದಾಗ ಇಳಿಯಿತು. ನನಗೆ ಕರೆಸಿಕೊಳ್ಳಲು ಗದಗಿನಲ್ಲಿ ಇಬ್ಬರಿದ್ದರು. ಅವರಿಗೆ ಯಾರೂ ಇರಲಿಲ್ಲ.

ಮಧ್ಯಾಹ್ನವಾಗುವ ಮೊದಲೇ ಗಾಳ ಸುತ್ತಿ ಹೊರಟೆವು. ಅಂಚೆ ಕಚೇರಿ ತೆರೆದಿರಲಿ ಬಿಡಲಿ, ನಾನು ಗದಗಿಗೆ ಕಾಗದ ಬರೆದು ಪೆಟ್ಟಿಗೆಗಾದರೂ ಹಾಕಬೇಕಿತ್ತು. ಸಾತಾರ ರಸ್ತೆಯ ಇಳುಕಲಿನಲ್ಲಿ ನನ್ನ ಸೈಕಲ್ಲು ತಾನೇ ಓಡುತ್ತಿತ್ತು. ರಾಯರು ಹಿಂದೆ ಬಿದ್ದಿದ್ದರು. ಸ್ವಾರಗೇಟಿನ ಹತ್ತಿರ ನಿಂತು ಕಾದೆ.

ಅವರು ಬಂದು ಇಳಿದು, ಏದುಸಿರು ಬಿಡುತ್ತ, ನನ್ನ ಸೈಕಲ್ಲಿಗೆ ಕಟ್ಟಿದ್ದ ತಮ್ಮ ಕೋಲನ್ನು ಬಿಚ್ಚಿಕೊಳ್ಳಲು ಹೋದರು.

"ಇರ್ಲಿ ಬಿಡ್ರಿ," ಎಂದೆ. "ಬರೂ ಭಾನುವಾರ ಆಗಂಗಿಲ್ಲ, ಸ್ಟೇಶನ್ನಿಗೆ ಹೋಗಬೇಕು. ಅದರ ಮುಂದಿನ ಭಾನುವಾರ ಬರ್ತೀನಿ. ಕೊಕ್ಕಿ ಮಾತ್ರ ಕಟ್ಟಂಗಿಲ್ಲ ನೋಡ್ರಿ."

"ಬರಬೇಕೆಂದು ಇಲ್ಲ ಮಾರಾಯ," ಎಂದರು ರಾಯರು. "ಈಗ ಕಾಯಂ ಆಯಿತಲ್ಲ."

"ಹೌದ್ರಿ," ಎಂದೆ. "ಇನ್ನ ಮ್ಯಾಲೆ ಬರಬೇಕಂತ ಏನಿಲ್ಲ. ಅದಕ್ಕಽ ಬರ್ತೀನಿ."